ನಿಲ್ಲಲೊಲ್ಲದ ಹಳೇ ಕಾರುಗಳು

ಹುಣಸೂರಿನಲ್ಲಿ ಒಂದು ಬಸ್‌ಸ್ಟಾಪಿನ ಎದುರಿಗೇ ನನ್ನ ಗ್ಯಾರೇಜು. ತೊಂಬತ್ತರ ದಶಕದಲ್ಲಿ ಸುತ್ತಮುತ್ತ ಯಾರ ಮನೆಯ ಮುದಿ ಕಾರಿನ ಬ್ರೇಕ್ ಕೈಕೊಟ್ಟರೂ ನನ್ನ ಹತ್ತಿರವೇ ತರುತ್ತಿದ್ದರು. ಬ್ರೇಕಿಲ್ಲದ ಕಾರನ್ನು ಇಲ್ಲಿವರೆಗೆ ಹೇಗೆ ತಂದಿರಿ ಅಂತ ಕೇಳುವುದನ್ನು ಬಿಟ್ಟುಬಿಟ್ಟಿದ್ದೆ. ಉತ್ತರ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು.

ಎಡಕ್ಕೆ ಎಳೆಯುವ ಕಾರು

ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು ಬೆಳೆಗಾರರೊಬ್ಬರು ಹೆಂಡತಿ ಸಮೇತ ಬಂದರು.

"ಬ್ರೇಕ್ ಒತ್ತುದ್ರೆ ಎಡಕ್ಕೇ ಎಳೀತದೆ ಕಣ್ರೀ."

"ಬ್ರಾಂದಿ ಅಂಗ್ಡಿ ಇರೋದೂ ಎಡಕ್ಕೇಯ," ಅಂದರು ಹೆಂಡತಿ.

ಬಿಚ್ಚಿ ನೋಡಿದರೆ ಬಲಚಕ್ರದ ಸಿಲಿಂಡರ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬ್ರೇಕು ಎಡಚಕ್ರಕ್ಕೆ ಮಾತ್ರ ಹಿಡಿಯುತ್ತಿತ್ತು. ಯಜಮಾನರ ಮುಖ ಅರಳಿತು. "ನೋಡ್ದಾ, ತಪ್ಪು ಕಾರಿಂದು!"

ರಿಪೇರಿಯಾದ ಒಂದು ವಾರಕ್ಕೆ ಆಕೆ ಸಿಕ್ಕರು. ಕಾರು ಹೇಗಿದೆ ಅಂದೆ.

"ಕಾರು ನೆಟ್ಟಗೆ ನಿಂತ್ಕತದೆ ಕಣಣ್ಣ. ಇವ್ರು ಇಳ್ದು ಎಡಕ್ಕೆ ನಡ್ಕಂಡು ಓಯ್ತಾರೆ."

ಗಾಣದ ಎಣ್ಣೆ

ಹ್ಯಾಂಡ್‌ಪೋಸ್ಟ್ ಅನ್ನೋ ಊರಿನ ಅಂಗಡಿಯವರೊಬ್ಬರ ಕಾರಿನ ರೋಗ ವಿಚಿತ್ರ. ಚಳಿಗಾಲದ ಬೆಳಿಗ್ಗೆ ಬ್ರೇಕ್ ಪೆಡಲು ಕಲ್ಲು. ಬಿಸಿಲೇರಿದ ಮೇಲೆ ಸರಿ. ಆವತ್ತು ಬೆಳಿಗ್ಗೆ ಬೇಲಿಗೆ ನುಗ್ಗಿ ನಿಂತಿತ್ತಂತೆ. ಬ್ರೇಕ್ ಎಣ್ಣೆಯ ಡಬ್ಬಿ ಮುಚ್ಚಳ ತೆಗೆದೆ. ಘಮ್ಮಂತ ಕೊಬ್ಬರಿ ಎಣ್ಣೆ!

"ಚಳಿಗೆ ಹೆಪ್ಪುಗಟ್ಟುತ್ತೆ ಸ್ವಾಮಿ, ಜೀವ ಹೋಗ್ತಿತ್ತು!" ಅಂತ ರೇಗಿದೆ.

ಅವರಿಗೆ ಬೇಜಾರಾಯಿತು. "ಗಾಣದ್ದು ಕಣ್ರೀ. ಕಲಬೆರಕೆ ಅಲ್ಲ."

ಊದಿಕೊಂಡಿದ್ದ ರಬ್ಬರೆಲ್ಲ ಬದಲಾಯಿಸಿ, ಸರಿಯಾದ ಎಣ್ಣೆ ತುಂಬಿ ಕೊಟ್ಟೆ. ಹೊರಡುವಾಗ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಹಂಗಾರೆ ಹುಚ್ಚೆಳ್ಳೆಣ್ಣೆ ಆಯ್ತದಾ? ಅದು ಹೆಪ್ಪುಗಟ್ಟಲ್ಲ."

ಒತ್ತೀ, ಇನ್ನೊಂದ್ಸಲ

ಕೆ.ಆರ್. ನಗರದ ನರ್ಸಮ್ಮನೊಬ್ಬರಿಗೆ ಅವರಪ್ಪ ಬಿಟ್ಟುಹೋದ ಕಾರೆಂದರೆ ಪ್ರಾಣ. ಒಂದು ಇಳಿಜಾರಿನಲ್ಲಿ ಪೆಡಲು ನೆಲಕ್ಕಂಟಿ, ಗೇರಿನಲ್ಲೇ ಹೇಗೋ ನಿಲ್ಲಿಸಿ ಬದುಕಿಕೊಂಡಿದ್ದರು. ಬ್ರೇಕಿನ ಪೈಪಿಗೆ ಗಾಳಿ ಸೇರಿತ್ತು. ಅದನ್ನು ತೆಗೆಯಲು ಇಬ್ಬರು ಬೇಕು: ಒಬ್ಬರು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಅಡಿಯಲ್ಲಿ ಮಲಗಿ ಗಾಳಿ ಹೊರಬಿಡಬೇಕು. ಆವತ್ತು ನಾನೊಬ್ಬನೇ ಇದ್ದೆ. "ನಾನೇ ಒತ್ತೀನಿ ಬುಡಿ," ಅಂತ ನರ್ಸಮ್ಮ ಸೀಟಿಗೆ ಹತ್ತಿದರು.

ನಾನು ಕೆಳಗಿನಿಂದ ಕೂಗುತ್ತಿದ್ದೆ: "ಒತ್ತೀ ಅಮ್ಮಾ! ಇನ್ನೂ ಜೋರಾಗಿ! ಬಿಡಬೇಡಿ! ಬಂತು, ಬಂತು, ಇನ್ನೊಂದು ಸಲ ಒತ್ತೀ!"

ಮೇಲಿನಿಂದ ನರ್ಸಮ್ಮ "ಅಮ್ಮಾ... ಆಗಲ್ಲಪ್ಪಾ..." ಅಂತ ನರಳುತ್ತಿದ್ದರು.

ಬಸ್ಸಿಗೆ ಕಾದಿದ್ದ ಅಜ್ಜಿಯೊಬ್ಬಳಿಗೆ ಇದು ಕೇಳಿಸಿತು. ಕಾರಿನೊಳಗೆ ಬೆವರುತ್ತಿರುವ ಹೆಂಗಸು, ಅಡಿಯಲ್ಲಿ ನನ್ನ ಎರಡು ಕಾಲು. ಓಡಿ ಬಂದವಳೇ ಕಂಬಳಿ ಬಿಚ್ಚಿ ಬಾಗಿಲಿಗೆ ಅಡ್ಡ ಹಿಡಿದಳು. "ಗಂಡುಸ್ರೆಲ್ಲ ಆ ಕಡೀಕ್ ತಿರೀಕಳ್ರಲಾ!" ಬಸ್‌ಸ್ಟಾಪಿನ ಗಂಡಸರೆಲ್ಲ ಗೋಡೆ ಕಡೆ ತಿರುಗಿ ನಿಂತರು.

ಮೊಣಕೈವರೆಗೆ ಎಣ್ಣೆ ಬಳಿದುಕೊಂಡು ಈಚೆ ತೆವಳಿದೆ. "ಆಯ್ತಮ್ಮಾ, ಎಲ್ಲಾ ಬಂತು."

ಅಜ್ಜಿ ಕಂಬಳಿಯ ಮೇಲಿಂದ ಒಳಗೆ ಬಗ್ಗಿದಳು. "ಯಾವ್ದವ್ವಾ? ಗಂಡಾ, ಹೆಣ್ಣಾ?"

ನರ್ಸಮ್ಮ ಹಣೆ ಒರೆಸಿಕೊಂಡು, "ಗಾಳಿ ಕಣಜ್ಜಿ. ಬರೀ ಗಾಳಿ," ಅಂದರು.

ಅಜ್ಜಿ ಕಂಬಳಿ ಮಡಿಚಿ ಹೆಗಲಿಗೆ ಹಾಕಿಕೊಂಡಳು. "ಅಷ್ಟಕ್ಕೆ ಈಪಾಟಿ ರಂಪಾನಾ? ಒಂಚೂರು ಓಮಿನಕಾಳು ಅಗೀಬಾರ್ದಾಗಿತ್ತಾ, ಮಗಾ!"