ಅಂಚು ಕತ್ತರಿಸಿ ಪುನಃ ಹಾಕಿ

ಆಲ್ವಿನ್ ಬರೆದ ಒಂದೇ ಒಂದು ವಾಕ್ಯದಿಂದಾಗಿ ಡುಲ್ಸಿನ್ ಬಾಯಿ ತಮ್ಮ ಸ್ವಂತ ಅಣ್ಣನ ಮದುವೆಯಿಂದ ಹೊರಬಿದ್ದರು.

ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಮಣಿಪಾಲದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ಆಲ್ವಿನ್, ಅಳತೆಯಲ್ಲಾಗಲಿ ಮಾತಿನಲ್ಲಾಗಲಿ ಕೂದಲೆಳೆಯಷ್ಟು ಆಚೀಚೆ ಆಗಲು ಬಿಡುವವನಲ್ಲ. ಬಿಡುವಿನ ವೇಳೆಯಲ್ಲಿ ಅವನು ‘ಕಾಪು ಕಟ್ಟೆ’ ಎಂಬ ಇಂಟರ್‌ನೆಟ್ ಕಟ್ಟೆಯೊಂದನ್ನು ನಡೆಸುತ್ತಿದ್ದ. ಬಹರೈನ್, ಕುವೈತ್, ಮುಂಬೈ ಎಂದು ಹಂಚಿಹೋದ ಕಾಪುವಿನ ಜನ ದಿನದ ಕೆಲಸ ಮುಗಿಸಿ ಅಲ್ಲಿಗೆ ಬಂದು ಹರಟುತ್ತಿದ್ದರು. ಹರಟೆಗೆ ಅಡ್ಡಿಯಿರಲಿಲ್ಲ. ಫೋಟೋ ಹಾಕಲು ಹೋದರೆ ಮಾತ್ರ ಆ ಕಟ್ಟೆ ಹಳೆಯ ಮನೆಯ ತಗ್ಗು ಬಾಗಿಲಿನಂತೆ ಹಣೆಗೆ ಬಡಿಯುತ್ತಿತ್ತು. ನೂರು ಕೆಬಿಗಿಂತ ದೊಡ್ಡದು ಯಾವುದೂ ಒಳಗೆ ಹೋಗುತ್ತಿರಲಿಲ್ಲ. ಇಂಗ್ಲಿಷಿನ ಸೂಚನೆ ಹಿರಿಯರಿಗೆ ತೊಡಕಾದೀತೆಂದು ಆಲ್ವಿನ್ ಕನ್ನಡದಲ್ಲೇ ಬರೆದಿದ್ದ: “ಫೋಟೋ ದೊಡ್ಡದಾಯಿತು. ಅಂಚು ಕತ್ತರಿಸಿ ಪುನಃ ಹಾಕಿ.”

೨೦೦೬ರ ಆ ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ಮನೆಗೆ ಬಂದವನು ಅಂಗಿಯ ಗುಂಡಿ ಬಿಚ್ಚುವ ಮೊದಲೇ ಜೆರ್ಟ್ರೂಡ್ ಟೀಚರ್ ಲಕೋಟೆ ಹಿಡಿದು ಜಗಲಿ ಹತ್ತಿದರು. ಅವನಿಗೆ ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ತಿದ್ದಿಸಿದವರು ಅವರೇ. ಅಪ್ಪ ತೀರಿಕೊಂಡ ವರ್ಷ ಸಂಜೆ ಸಂಜೆ ತಮ್ಮ ಮನೆಯಲ್ಲಿ ಕೂರಿಸಿ ಪಾಠ ಹೇಳಿ, ಊಟ ಹಾಕಿ ಕಳುಹಿಸಿದವರೂ ಅವರೇ. ಟೀಚರ್ ಏನು ಹೇಳಿದರೂ ಆಲ್ವಿನ್ ಈಗಲೂ ಎದ್ದುನಿಂತೇ ಕೇಳುತ್ತಿದ್ದ.

“ನೀನು ಹೇಳಿದ ಹಾಗೆಯೇ ಮಾಡಿದೆ ಪುತಾ. ಆದರೂ ಒಳಗೆ ಹೋಗುವುದಿಲ್ಲ,” ಎಂದರು ಟೀಚರ್.

ಲಕೋಟೆಯಲ್ಲಿ ಅವರ ಮದುವೆಯ ಕಪ್ಪು-ಬಿಳುಪು ಫೋಟೋ ಇತ್ತು. ಮದುಮಗ, ಮದುಮಗಳು, ಪಕ್ಕದಲ್ಲಿ ಅತ್ತೆ. ಅತ್ತೆಯ ಭುಜದ ಆಚೆಗೆ ಫೋಟೋ ತಟ್ಟನೆ ಮುಗಿದಿತ್ತು.

“ಟೀಚರ್, ಇದು ಎಂತ?”

“ಅಂಚು ಕತ್ತರಿಸಿ ಅಂತ ನೀನೇ ಬರೆದದ್ದಲ್ವಾ? ಸ್ಕೇಲ್ ಇಟ್ಟು ಗೆರೆ ಎಳೆದೇ ಕತ್ತರಿಸಿದ್ದೇನೆ. ಪುನಃ ಹಾಕಿದೆ, ಪುನಃ ಅದೇ ವಾಕ್ಯ ಬಂತು. ಇನ್ನು ಅಂಚಿಗೆ ಉಳಿದದ್ದು ನಮ್ಮ ಅತ್ತೆ. ಹಿರಿಯರು ನೋಡು, ಅವರಿಗೆ ಕತ್ತರಿ ಹಾಕುವ ಮೊದಲು ನಿನ್ನನ್ನು ಒಂದು ಮಾತು ಕೇಳುವ ಅಂತ ಬಂದೆ.”

ಮೊದಲು ಕತ್ತರಿಸಿದ ಅಂಚಿನಲ್ಲಿ ಯಾರಿದ್ದರು ಎಂದು ಆಲ್ವಿನ್ ಕೇಳಿದ.

“ಡುಲ್ಸಿನ್,” ಎಂದರು ಟೀಚರ್.

ಪ್ರಯೋಗಾಲಯದಲ್ಲಿ ಗಾಜಿನ ನಳಿಗೆ ಕೈಜಾರಿದ ಮೇಲೆ, ಅದು ನೆಲ ಮುಟ್ಟುವ ಮೊದಲು ಒಂದು ಕ್ಷಣ ಉಂಟಲ್ಲ, ಅಂಥ ಕ್ಷಣದಲ್ಲಿ ಆಲ್ವಿನ್ ನಿಂತ. ಡುಲ್ಸಿನ್ ಬಾಯಿ ಎಂದರೆ ಟೀಚರ್ ಗಂಡನ ತಂಗಿ, ಕಾರ್ಕಳದವರು. ಅವರ ಮಗಳು ಆನ್ಸಿಲ್ಲಾ. ಆಲ್ವಿನ್ ಆನ್ಸಿಲ್ಲಾಳನ್ನು ಎರಡು ಮದುವೆಗಳಲ್ಲಿ ನೋಡಿದ್ದ, ಮೂರನೆಯದು ತಮ್ಮದೇ ಆಗಲೆಂದು ಬಯಸಿದ್ದ. ಟೀಚರೇ ಮುಂದೆ ನಿಂತು ಆ ಸಂಬಂಧದ ಮಾತು ತೆಗೆದಿದ್ದರು. ಈ ಭಾನುವಾರ ಟೀಚರ್ ಮದುವೆಯ ವಾರ್ಷಿಕ ದಿನ. ಗಂಡ ಇಲ್ಲವಾದ ಮೇಲೂ ಪ್ರತಿವರ್ಷ ಆ ದಿನ ಡುಲ್ಸಿನ್ ಬಾಯಿ ಅತ್ತಿಗೆಯ ಮನೆಗೆ ಪ್ರಾರ್ಥನೆಗೆ ಬರುತ್ತಿದ್ದರು. ಈ ಸಲ ಮಗಳನ್ನೂ ಕರೆದುಕೊಂಡು ಸಂಜೆಯ ಬಸ್ಸಿಗೆ ಬಂದು, ಆಲ್ವಿನ್‌ಗೆ ಉತ್ತರ ಹೇಳುವವರಿದ್ದರು. ಬಹರೈನಿನಲ್ಲಿದ್ದ ಟೀಚರ್ ಮಗ ಜೇಮ್ಸ್ ಬೇರೆ, ಅಪ್ಪ-ಅಮ್ಮನ ಮದುವೆಯ ಫೋಟೋ ಇವತ್ತೇ ಕಟ್ಟೆಯಲ್ಲಿ ನೋಡಬೇಕೆಂದು ಹಟ ಹಿಡಿದಿದ್ದ.

ಕತ್ತರಿಸುವ ಮೊದಲು ಸ್ಕ್ಯಾನ್ ಮಾಡಿದ್ದು, ಟೀಚರ್‌ಗೆ ಸ್ಕ್ಯಾನ್ ಮಾಡಿಕೊಟ್ಟ ಸ್ಟುಡಿಯೋದ ಜೋನ್ ಹತ್ತಿರ ಇರಬೇಕಲ್ಲ ಎಂಬ ಆಸೆಯಿಂದ ಆಲ್ವಿನ್ ಫೋನ್ ಮಾಡಿದ. ಎರಡನೆಯದನ್ನೂ ಅದೇ ಹೆಸರಿನಲ್ಲಿ ಇಟ್ಟದ್ದರಿಂದ ಮೊದಲಿನದು ಅಳಿಸಿಹೋಯಿತು ಎಂದು ಜೋನ್ ಸಮಾಧಾನವಾಗಿ ತಿಳಿಸಿದ. ಹಾಗಾದರೆ ಕತ್ತರಿಸಿದ ತುಂಡು ಎಲ್ಲಿ? ಟೀಚರ್ ಏನನ್ನೂ ಎಸೆಯುವವರಲ್ಲ. ಪಕ್ಕದ ಮನೆಯ ರತ್ನಾವತಿಯ ಹೊಲಿಗೆ ಮೆಶಿನ್ನಿನ ಕಾಲು ಅಲುಗುತ್ತದೆಂದು ಅದರ ಅಡಿಗೆ ಇಡಲು ಕೊಟ್ಟಿದ್ದರು.

ರತ್ನಾವತಿ ರವಿಕೆ ಹೊಲಿಯುತ್ತಿದ್ದಳು. ವಿಷಯ ಕೇಳಿ ಮರುಗಿದಳು, ಆದರೆ ಪೆಡಲಿನ ಮೇಲಿನ ಪಾದ ನಿಲ್ಲಿಸಲಿಲ್ಲ. “ಟೀಚರ್ ಬಾಯಮ್ಮ ಕೊಟ್ಟ ಆ ಕಾಗದ ಇಟ್ಟ ಮೇಲೆ ಮೆಶಿನ್ ಬಂಡೆಯ ಹಾಗೆ ನಿಂತಿದೆ ಮಾರಾಯ. ಮಧ್ಯಾಹ್ನ ಒಂದು ಸೀಮಂತಕ್ಕೆ ಕೊಡಲಿಕ್ಕೆ ಉಂಟು ಇದು. ಮುಗಿಯದೆ ತೆಗೆಯಲಿಕ್ಕೆ ಬಿಡುವುದಿಲ್ಲ.”

ಕೊನೆಗೊಂದು ಒಪ್ಪಂದವಾಯಿತು. ಕಾಗದದ ಬದಲು ಆಲ್ವಿನ್ ನೆಲದ ಮೇಲೆ ಕುಳಿತು ಮೆಶಿನ್ನಿನ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡ. ಎರಡು ತೋಳು, ಒಂದು ಕೊರಳು, ಹುಕ್ಕಿನ ಪಟ್ಟಿ ಎಲ್ಲ ಮುಗಿಯುವವರೆಗೆ ಹಿಡಿದೇ ಇದ್ದ. ರವಿಕೆ ಒಯ್ಯಲು ಬಂದ ಹೆಂಗಸು, ಮಣಿಪಾಲದಲ್ಲಿ ಕೆಲಸ ಹೋಯಿತಾ ಎಂದು ಕನಿಕರದಿಂದ ವಿಚಾರಿಸಿ ಹೋದಳು. ನಾಲ್ಕು ಮಡಿಕೆಯಾಗಿದ್ದ ಡುಲ್ಸಿನ್ ಬಾಯಿಯನ್ನು ಆಲ್ವಿನ್ ಬಿಡಿಸಿ ನೋಡಿದ. ಹದಿನೆಂಟರ ಹುಡುಗಿ. ಮಡಿಕೆಯ ಗೀರು ಸರಿಯಾಗಿ ಎಡಗೆನ್ನೆಯ ಮೇಲೆಯೇ ಹಾದುಹೋಗಿತ್ತು.

ಬಸ್ ಸ್ಟ್ಯಾಂಡಿನ ಎದುರಿದ್ದ ಸ್ಟುಡಿಯೋದಲ್ಲಿ ಜೋನ್ ಎರಡೂ ತುಂಡುಗಳನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ಜೋಡಿಸಿದ. ಆ ಕೆಲಸದಲ್ಲಿ ಅವನು ನಿಸ್ಸೀಮ. ಕತ್ತರಿಯ ಗೆರೆ ಮಾಯವಾಯಿತು, ಮಡಿಕೆಯ ಗೀರು ಮಾಯವಾಯಿತು. ಆಮೇಲೆ ಅವನು ಕೆನ್ನೆಯ ಹತ್ತಿರ ಕರ್ಸರ್ ನಿಲ್ಲಿಸಿದ.

“ಈ ಕೆನ್ನೆ ಸ್ವಲ್ಪ ದಪ್ಪ ಕಾಣುತ್ತದೆ. ಕಡಿಮೆ ಮಾಡಲಾ? ಮದುವೆ ಫೋಟೋಗಳಿಗೆ ನಾವು ಹಾಗೆ ಮಾಡುವುದುಂಟು.”

ಆಲ್ವಿನ್ ಮುಖ ಗಂಟಿಕ್ಕಿಕೊಂಡ. ಪ್ರಯೋಗದಲ್ಲಿ ಬಂದ ಅಂಕಿಯನ್ನು ಚೆಂದ ಕಾಣಲೆಂದು ತಿದ್ದಿದ ವಿದ್ಯಾರ್ಥಿಗಳನ್ನು ಅವನು ಎಂದೂ ಕ್ಷಮಿಸಿದವನಲ್ಲ. “ಬೇಡ. ಇದ್ದದ್ದು ಇದ್ದ ಹಾಗೆ ಇರಲಿ. ಒಂದು ಚುಕ್ಕೆಯೂ ಹೆಚ್ಚುಕಡಿಮೆ ಆಗಬಾರದು.”

ಈ ಒಂದು ಫೋಟೋವನ್ನು ಜೋನ್ ಕೈಯಲ್ಲೇ ಕುಗ್ಗಿಸಿ ಹಾಕಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಆಲ್ವಿನ್‌ಗೆ ಒಂದು ಯೋಚನೆ ಬಂತು: ತನ್ನ ವಾಕ್ಯವನ್ನು ನಂಬಿ ಇನ್ನೆಷ್ಟು ಮನೆಗಳಲ್ಲಿ ಎಷ್ಟು ಮಂದಿ ಕತ್ತರಿ ಹುಡುಕುತ್ತಿರಬಹುದು? ಅವನು ಜೋನ್‌ನ ಕುರ್ಚಿಯಲ್ಲೇ ಕುಳಿತು ಕಟ್ಟೆಯ ಪ್ರೋಗ್ರಾಮನ್ನು ತಿದ್ದತೊಡಗಿದ. ಫೋಟೋ ಎಷ್ಟೇ ದೊಡ್ಡದಿರಲಿ, ಕಟ್ಟೆಯೇ ಅದನ್ನು ತೆಗೆದುಕೊಂಡು, ಏನನ್ನೂ ಕತ್ತರಿಸದೆ, ಹದವಾಗಿ ಕುಗ್ಗಿಸಿ ಇಟ್ಟುಕೊಳ್ಳಬೇಕು. ಎರಡು ಸಲ ಕರೆಂಟು ಹೋಯಿತು, ಮೂರು ಸಲ ಲೈನ್ ಕಡಿಯಿತು. ರವಿಕೆ ಕೊಟ್ಟು ಮುಗಿಸಿದ ರತ್ನಾವತಿಯೂ ಬಂದು, ಕಂಪ್ಯೂಟರಿನ ಅಡಿಗೂ ಒಂದು ಕಾಗದ ಇಟ್ಟು ನೋಡಬಾರದೇ ಎಂದಳು. ಟೀಚರ್ ಮೂಲೆಯ ಸ್ಟೂಲಿನಲ್ಲಿ ಕುಳಿತು, ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಗೆ ಜಪ ಹೇಳುತ್ತಿದ್ದರು.

ಬೆವರಿನಲ್ಲಿ ಅಂಗಿ ಬೆನ್ನಿಗೆ ಅಂಟುವ ಹೊತ್ತಿಗೆ ಕೆಲಸ ಮುಗಿಯಿತು. ಹಳೆಯ ವಾಕ್ಯ ಅಳಿಸಿ ಆಲ್ವಿನ್ ಹೊಸದು ಬರೆದ: “ಎಷ್ಟು ದೊಡ್ಡದಾದರೂ ಹಾಕಿ. ಕತ್ತರಿ ಮುಟ್ಟಬೇಡಿ.” ಟೀಚರ್ ಓದಿ ತಲೆದೂಗಿ, ತಮ್ಮ ಕೈಯಿಂದಲೇ ಗುಂಡಿ ಒತ್ತಿದರು. ಫೋಟೋ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಒಳಗಿಳಿಯಿತು.

ಮೊದಲು ಬರೆದವನು ಜೇಮ್ಸ್. ಅಪ್ಪನನ್ನು ಇಷ್ಟು ಎಳೆಯ ಪ್ರಾಯದಲ್ಲಿ ತಾನು ನೋಡಿರಲಿಲ್ಲವೆಂದೂ, ಕಚೇರಿಯಲ್ಲಿ ಕುಳಿತು ಕಣ್ಣೊರೆಸಿಕೊಂಡೆನೆಂದೂ, ಆಲ್ವಿನ್‌ಗೆ ದೇವರು ಒಳ್ಳೆಯದು ಮಾಡಲೆಂದೂ ಬರೆದ. ಟೀಚರ್ ಅದನ್ನು ಎರಡು ಸಲ ಓದಿದರು. ಆಮೇಲೆ ಆಲ್ವಿನ್ ತಲೆಯ ಮೇಲೆ ಕೈಯಿಟ್ಟರು. ಅವನು ಕುರ್ಚಿಯಿಂದ ಎದ್ದುನಿಂತ. ಈ ಕೈಯ ಸಾಲದಲ್ಲಿ ಒಂದು ಕಾಸಿನಷ್ಟಾದರೂ ಇವತ್ತು ತೀರಿತು ಅನ್ನಿಸಿತು. ಅಷ್ಟರಲ್ಲಿ ಕುವೈತಿನಿಂದ, ಮುಂಬೈಯಿಂದ, ಪಡುಬಿದ್ರಿಯಿಂದ ಹಳೆಯ ಫೋಟೋಗಳು ಒಂದರ ಹಿಂದೆ ಒಂದು ಬರತೊಡಗಿದವು. ಪ್ರತಿಯೊಂದರ ಅಡಿಯಲ್ಲೂ ಆಲ್ವಿನ್‌ಗೆ ಉಪಕಾರ ಸ್ಮರಣೆ.

ಆಗಲೇ ಕಾರ್ಕಳದ ಬಸ್ಸು ಬಂದು ನಿಂತಿತು.

ಡುಲ್ಸಿನ್ ಬಾಯಿ ಮಗಳೊಂದಿಗೆ ಇಳಿದರು. ಟೀಚರ್ ಇಬ್ಬರನ್ನೂ ನೇರ ಸ್ಟುಡಿಯೋದೊಳಗೆ ಕರೆತಂದು, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದರು. ತಿಳಿಯದೆ ಕತ್ತರಿಸಿಬಿಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಡುಲ್ಸಿನ್ ಬಾಯಿ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

“ಅತ್ತಿಗೆ, ನೀನು ದೇವರಂಥವಳು,” ಎಂದರು. “ಆವತ್ತು ನನಗೆ ಹಲ್ಲುನೋವು. ಕೆನ್ನೆ ತೆಂಗಿನಕಾಯಿಯ ಹಾಗೆ ಊದಿತ್ತು. ನನ್ನನ್ನು ಅದರಿಂದ ಕತ್ತರಿಸು ಅಂತ ಅಣ್ಣನ ಹತ್ತಿರ ಎಷ್ಟು ವರ್ಷ ಗೋಗರೆದೆ. ನಗುತ್ತಿದ್ದ, ಕತ್ತರಿಸಲಿಲ್ಲ. ಕೊನೆಗೂ ನೀನು ಕತ್ತರಿಸಿದೆಯಲ್ಲ.”

“ನನಗೆ ಗೊತ್ತೇ ಇರಲಿಲ್ಲ,” ಎಂದರು ಟೀಚರ್. “ನಾನು ಮದುಮಗಳು, ನೆಲ ನೋಡುತ್ತಾ ಇದ್ದೆ.”

ಆಗ ಡುಲ್ಸಿನ್ ಬಾಯಿಯ ದೃಷ್ಟಿ ಪರದೆಯ ಮೇಲೆ ಬಿತ್ತು. ತೆಂಗಿನಕಾಯಿ ಅಲ್ಲಿ ಇದ್ದದ್ದು ಇದ್ದ ಹಾಗೆಯೇ ಇತ್ತು, ಒಂದು ಚುಕ್ಕೆಯೂ ಹೆಚ್ಚುಕಡಿಮೆ ಆಗದೆ. ಅದರ ಅಡಿಯಲ್ಲಿ ಕುವೈತಿನವರೊಬ್ಬರು, ಬಲಬದಿಯಲ್ಲಿ ಬಾಯಿಯೊಳಗೆ ಲಾಡು ಇಟ್ಟುಕೊಂಡು ನಿಂತವರು ಯಾರು ಎಂದು ಕೇಳಿದ್ದರು. ನಮ್ಮ ಡುಲ್ಸಿನ್ ಆಂಟಿ, ಕಾರ್ಕಳ ಎಂದು ಜೇಮ್ಸ್ ಹೆಮ್ಮೆಯಿಂದ ಉತ್ತರಿಸಿದ್ದ. ದೊಡ್ಡ ಪ್ರಿಂಟ್ ತೆಗೆಸಿ ಕಟ್ಟು ಹಾಕಿಸಿ ಕಾರ್ಕಳದ ಮನೆಗೂ ಒಂದು ಕಳುಹಿಸುವುದಾಗಿ ಬರೆದಿದ್ದ.

“ನನ್ನನ್ನು ಪುನಃ ಅಂಟಿಸಿದ್ದು ಯಾರು?”

ಜೋನ್, ರತ್ನಾವತಿ, ಟೀಚರ್ ಮೂವರೂ ಕೃತಜ್ಞತೆ ತುಂಬಿದ ಕಣ್ಣುಗಳಿಂದ ಆಲ್ವಿನ್ ಕಡೆ ನೋಡಿದರು. “ನಾನು ಕೆನ್ನೆ ಕಡಿಮೆ ಮಾಡುತ್ತೇನೆ ಅಂತ ಹೇಳಿದ್ದೆ ಬಾಯಮ್ಮ,” ಎಂದು ಜೋನ್ ಮೆಲ್ಲಗೆ ಸೇರಿಸಿದ.

ಆಲ್ವಿನ್ ತಕ್ಷಣ ಫೋಟೋ ತೆಗೆದುಹಾಕಿದ. ಅಷ್ಟರಲ್ಲಿ ಅದನ್ನು ಉಳಿಸಿಕೊಂಡಿದ್ದ ಜೇಮ್ಸ್, ಏನೋ ತೊಂದರೆಯಾಗಿ ಫೋಟೋ ಮಾಯವಾಯಿತೆಂದು ತಿಳಿದು ತಾನೇ ಪುನಃ ಹಾಕಿದ. ಈಗ ಹಾಕುವುದು ಅಷ್ಟು ಸುಲಭವಾಗಿತ್ತು. ಮೂಲೆಯಲ್ಲಿ ನಿಂತಿದ್ದ ಆನ್ಸಿಲ್ಲಾ ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅವಳ ಭುಜ ಕುಲುಕುತ್ತಿತ್ತು. ಅತ್ತದ್ದೋ ನಕ್ಕದ್ದೋ ಅಳೆಯುವ ಉಪಕರಣ ಆಲ್ವಿನ್ ಹತ್ತಿರ ಇರಲಿಲ್ಲ.

“ಅತ್ತಿಗೆ, ಮನೆಗೆ ಹೋಗುವ,” ಎಂದರು ಡುಲ್ಸಿನ್ ಬಾಯಿ. ಹೊಸಿಲು ದಾಟುವಾಗ ಟೀಚರ್ ಹಿಂದಿರುಗಿ ನೋಡಿ, ಹುಡುಗನಿಗೆ ಏನಾದರೂ ಹೇಳು ಎಂದು ನಾದಿನಿಯ ಮೊಣಕೈ ತಿವಿದರು.

ಕಾರ್ಕಳದಿಂದ ಕಾಪುವರೆಗೆ ಬಸ್ಸಿನಲ್ಲಿ ಕುಳಿತು ಜೋಡಿಸಿಕೊಂಡು ಬಂದಿದ್ದ ಉದ್ದದ ಉತ್ತರವೊಂದು ಡುಲ್ಸಿನ್ ಬಾಯಿಯ ಬಳಿ ಇತ್ತೆಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಅವರು ಒಮ್ಮೆ ಪರದೆಯನ್ನು ನೋಡಿದರು, ಒಮ್ಮೆ ಆಲ್ವಿನ್‌ನನ್ನು ನೋಡಿದರು. ಆಮೇಲೆ ಆ ಉತ್ತರವನ್ನು ಹದವಾಗಿ ಕುಗ್ಗಿಸಿ ಅವನಿಗೆ ಕೊಟ್ಟರು.

“ನೋಡುವ.”