ಹಲಸಿನ ತೊಲೆಗೆ ತಲೆಬಾಗಿದ ಕಾರು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಚೆನ್ನಾಗಿ ಹೇಳಲು ಬರುವುದಿಲ್ಲ. ಇದುವರೆಗೆ ನಾನು ಬರೆದದ್ದೆಂದರೆ ಗಿರಾಕಿಗಳ ಕಾರಿನ ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ‘ಬ್ರೇಕ್ ಇಲ್ಲ, ಜೋಕೆ’ ಎಂದು ಮಾತ್ರ. ಮಡಿಕೇರಿಯ ಒಂದು ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಕೊಡಗು ಆಗ ಬೇರೆಯೇ ರಾಜ್ಯ. ಇದನ್ನು ಯಾಕೆ ಹೇಳುತ್ತೇನೆಂದರೆ, ಕಾರಿನ ಸಾಮಾನು ಮೈಸೂರಿನಿಂದ ಬರಬೇಕಿತ್ತು, ಮೈಸೂರು ನಮಗೆ ಹೊರರಾಜ್ಯ, ಅದಕ್ಕೆ ಅದರದೇ ನಿಧಾನ. ವರ್ಕ್‌ಶಾಪ್ ಎಂದ ಮೇಲೆ ನಗುವಂಥದ್ದು ಏನಾದರೂ ನಡೆಯುತ್ತಲೇ ಇರುತ್ತದೆ. ಆದರೆ ಒಂದೇ ಕಾರು ಇಷ್ಟೊಂದು ಸಲ ನಗಿಸಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಶಾಕ್ ಅಬ್ಸಾರ್ಬರ್ ಎಂದರೇನು ಎಂದು ಹೇಳದೆ ಮುಂದೆ ಹೋಗುವಂತಿಲ್ಲ. ಚಕ್ರದ ಅಚ್ಚಿನ ಮೇಲೆ ಸ್ಪ್ರಿಂಗ್ ಇರುತ್ತದೆ. ಗುಂಡಿ ಬಂದಾಗ ಅದು ಕುಗ್ಗಿ ಏಳುತ್ತದೆ. ಎದ್ದ ಮೇಲೆ ಸುಮ್ಮನಾಗಬೇಕಲ್ಲ? ತಾನಾಗಿ ಆಗುವುದಿಲ್ಲ. ಮದುವೆ ಮನೆಯಲ್ಲಿ ಕೋಪ ಮಾಡಿಕೊಂಡು ಎದ್ದ ನೆಂಟರನ್ನು ಹೆಗಲು ಹಿಡಿದು ಕೂರಿಸುವವರು ಒಬ್ಬರು ಇರುತ್ತಾರಲ್ಲ, ಶಾಕ್ ಅಬ್ಸಾರ್ಬರಿನ ಕೆಲಸ ಅದೇ. ಆಗಿನ ಸಣ್ಣ ಕಾರುಗಳಲ್ಲಿ ಅದು ಎಣ್ಣೆ ತುಂಬಿದ ಒಂದು ಕಬ್ಬಿಣದ ಡಬ್ಬಿ. ಡಬ್ಬಿಯಿಂದ ಒಂದು ತೋಳು ಹೊರಟು ಅಚ್ಚಿಗೆ ಸೇರಿರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು. ಮಿಕ್ಕದ್ದನ್ನು ಬೇಕಾದಲ್ಲಿ ಹೇಳುತ್ತೇನೆ.

೧. ಅಜ್ಜನ ತೊಲೆ

ಭಾಗಮಂಡಲದ ದಾರಿಯಲ್ಲಿ ಕಾಫಿ ತೋಟ ಇದ್ದ ಒಬ್ಬ ಸಾವ್ಕಾರ್ರು, ಊರಿಗೆ ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಸಣ್ಣ ಕಾರೊಂದನ್ನು ಕೊಂಡರು. ಕಾರು ಸಣ್ಣದು, ಸಾವ್ಕಾರ್ರು ದೊಡ್ಡವರು. ದೊಡ್ಡವರು ಅಂದರೆ ಮನಸ್ಸಿನಲ್ಲೂ ಹೌದು, ಆದರೆ ನಾನು ಹೇಳುತ್ತಿರುವುದು ತೂಕದ ವಿಷಯ. ಕಾರು ನಿಲ್ಲಿಸಲು ಹಳೆಯ ಕೊಟ್ಟಿಗೆ ಖಾಲಿ ಮಾಡಿಸಿದರು. ನೋಡಿದರೆ ಬಾಗಿಲ ಮೇಲಿನ ತೊಲೆ ಕಾರಿನ ನೆತ್ತಿಗೆ ಎರಡು ಬೆರಳು ಅಡ್ಡ ಬಂತು.

ನಮ್ಮ ದೊಡ್ಡ ಮೇಸ್ತ್ರಿ, ನಾವೆಲ್ಲ ಸಾಬ್ರು ಎಂದು ಕರೆಯುತ್ತಿದ್ದವರು, “ತೊಲೆಯನ್ನು ಸ್ವಲ್ಪ ಕೆತ್ತಿಸಿಬಿಡಿ ಸಾವ್ಕಾರ್ರೆ” ಎಂದರು.

“ಎಂತ ಮಾತು ಸಾಬ್ರೆ! ಅದು ನನ್ನ ಅಜ್ಜ ಹಾಕಿಸಿದ ಹಲಸಿನ ತೊಲೆ. ಕಾರು ಮೊನ್ನೆ ಬಂದದ್ದು. ಯಾರು ಯಾರಿಗೆ ಬಗ್ಗಬೇಕು, ನೀವೇ ಹೇಳಿ.”

ಸಾಬ್ರು ಸ್ಪ್ಯಾನರ್ ಎತ್ತಿಕೊಂಡರು. ಸ್ಪ್ರಿಂಗ್ ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು. ಒಂದೊಂದು ಪ್ಲೇಟು ತೆಗೆದೆವು, ಕಾರು ಗಿಡ್ಡವಾಯಿತು. ಸಾವ್ಕಾರ್ರು ಖುಷಿಯಲ್ಲಿ ಓಡಿಸಿಕೊಂಡು ಹೋದರು.

ಮಾರನೆಯ ದಿನ ಆಳು ಬಂದ. “ಕಾರು ತೊಲೆ ಹೊತ್ತು ನಿಂತಿದೆ, ಬೇಗ ಬರಬೇಕಂತೆ.” ಹೋಗಿ ನೋಡಿದೆ. ಸಾವ್ಕಾರ್ರು ಒಳಗೆ ಕೂತಿದ್ದಾಗ ಅವರ ತೂಕಕ್ಕೆ ಕಾರು ಕುಗ್ಗಿ ತೊಲೆಯ ಅಡಿಗೆ ನುಗ್ಗಿತ್ತು. ಕೊಟ್ಟಿಗೆ ಆಳವಿಲ್ಲದ್ದು, ನೆತ್ತಿ ತೊಲೆಯ ಅಡಿಯಲ್ಲೇ ನಿಲ್ಲಬೇಕಿತ್ತು. ಅವರು ಇಳಿದೊಡನೆ ಸ್ಪ್ರಿಂಗ್ ಎದ್ದು ನೆತ್ತಿ ತೊಲೆಗೆ ಕಚ್ಚಿಕೊಂಡಿತ್ತು. “ಹತ್ತಿ ಕೂತುಕೊಳ್ಳಿ” ಎಂದೆ. ಕೂತರು. ಕಾರು ತಗ್ಗಿತು. ಸಲೀಸಾಗಿ ಹೊರಗೆ ಬಂತು.

ಸಾವ್ಕಾರ್ರು ತೊಲೆಯನ್ನೊಮ್ಮೆ ಕಾರನ್ನೊಮ್ಮೆ ನೋಡಿ, “ಹಾಗಾದರೆ ಕಾರು ಕೊಟ್ಟಿಗೆಯಲ್ಲಿ ಇರುವಷ್ಟು ಹೊತ್ತೂ ನಾನು ಅದರೊಳಗೇ ಇರಬೇಕಾ?” ಎಂದು ಕೇಳಿದರು.

ಇನ್ನೂ ಒಂದೊಂದು ಪ್ಲೇಟು ತೆಗೆದೆವು. ಸಾಬ್ರು ಕೈ ಒರೆಸಿಕೊಂಡು ಹೇಳಿದರು: “ಇನ್ನು ಕೇಳಬೇಡಿ ಸಾವ್ಕಾರ್ರೆ. ಇನ್ನೊಂದು ತೆಗೆದರೆ ಕಾರು ಚಕ್ರದ ಮೇಲಲ್ಲ, ಹೊಟ್ಟೆಯ ಮೇಲೆ ಹೋಗುತ್ತೆ.”

೨. ನಮಸ್ಕಾರ

ಪ್ಲೇಟು ಕಡಿಮೆಯಾದರೆ ಕಾರು ಪ್ರತಿ ಗುಂಡಿಗೂ ತಳ ಮುಟ್ಟಿ ಏಳುತ್ತದೆ. ಆಗ ಶಾಕ್ ಅಬ್ಸಾರ್ಬರಿನ ತೋಳು ದಿನವಿಡೀ ಕೊನೆಯವರೆಗೂ ಹೋಗಿ ಬಂದು, ಎಣ್ಣೆ ಸೋರದಂತೆ ತಡೆಯುವ ಒಳಗಿನ ಸೀಲು ಸವೆಯುತ್ತದೆ. ನಮಗೆ ಆಗ ಅದು ಹೊಳೆಯಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಕಾರು ಒಂದು ಗುಂಡಿಗೆ ಇಳಿದರೆ ಮುಂದಿನ ಗುಂಡಿಯವರೆಗೂ ತಲೆಯಾಡಿಸುತ್ತಿತ್ತು. ದಾರಿಯಲ್ಲಿ ಹೋಗುವವರು ಸಾವ್ಕಾರ್ರು ತಮಗೇ ನಮಸ್ಕಾರ ಮಾಡುತ್ತಿದ್ದಾರೆ ಎಂದುಕೊಂಡು ನಿಂತು ಕೈಮುಗಿಯುತ್ತಿದ್ದರು. ಸಾವ್ಕಾರ್ರಿಗೆ ಅದು ಇಷ್ಟವೇ ಆಗಿತ್ತು.

ಇಷ್ಟವಾಗದಿದ್ದದ್ದು ಅವರ ಹೆಂಡತಿಗೆ. ನಾವೆಲ್ಲ ಅವರನ್ನು ಅಮ್ಮ ಎನ್ನುತ್ತಿದ್ದೆವು. ಸಾವ್ಕಾರ್ರ ಪಕ್ಕದ ಸೀಟಿನಲ್ಲಿ ಯಾವಾಗಲೂ ಅವರ ಕೋವಿ ಕೂತಿರುತ್ತಿತ್ತು. ಕೋವಿಯನ್ನು ಹಿಂದೆ ಹಾಕುವುದು ಅದಕ್ಕೆ ಅವಮಾನ ಎಂದು ಅವರ ಲೆಕ್ಕ. ಅಮ್ಮ ಹಿಂದೆ ಕೂರುತ್ತಿದ್ದರು. ಒಂದು ಮದುವೆಗೆ ಹೋದಾಗ, ಮನೆಯಲ್ಲಿ ಮುಡಿದ ಹೂವು ಮದುವೆ ಮನೆ ತಲುಪುವಾಗ ಅವರ ಮಡಿಲಲ್ಲಿತ್ತು. ಮುಡಿ ಬಿಚ್ಚಿ ಬೆನ್ನ ಮೇಲಿತ್ತು. ಬೀಗಿತ್ತಿ ಗಾಬರಿಯಾಗಿ, “ದಾರಿಯಲ್ಲಿ ಆನೆ ಓಡಿಸಿಕೊಂಡು ಬಂತಾ?” ಎಂದು ಕೇಳಿದರಂತೆ.

ಅಮ್ಮ ಮದುವೆಯೂಟ ಮುಗಿಸಿ ಬಸ್ಸು ಹತ್ತಿ ನೇರ ತವರಿಗೆ ಹೋದರು. ತವರು ಭಾಗಮಂಡಲದ ಹತ್ತಿರ. ಅಲ್ಲಿಂದ ಹೇಳಿ ಕಳಿಸಿದರು: “ಕಾರಿನ ಕುಣಿತ ನಿಂತರೆ ಕರೆದುಕೊಂಡು ಹೋಗಲಿ. ನಿಂತಿದೆಯೋ ಇಲ್ಲವೋ ನಾನೇ ಪರೀಕ್ಷೆ ಮಾಡ್ತೇನೆ.”

ಹುತ್ತರಿ ಹತ್ತಿರ ಬರುತ್ತಿತ್ತು. ಹುತ್ತರಿ ಎಂದರೆ ಗದ್ದೆಯಿಂದ ಹೊಸ ಭತ್ತದ ಕದಿರು ಮನೆಗೆ ತರುವ ದಿನ. ಕದಿರು ಬರುವಾಗ ದೀಪ ಹಿಡಿದು ಎದುರುಗೊಳ್ಳಬೇಕಾದವರು ಮನೆಯ ಯಜಮಾನಿ. ಸಾವ್ಕಾರ್ರು ನಮ್ಮಲ್ಲಿಗೆ ಓಡಿ ಬಂದರು.

“ಸಾಬ್ರೆ, ಹುತ್ತರಿಗೆ ಇವಳು ಮನೆಯಲ್ಲಿ ಇಲ್ಲದಿದ್ದರೆ ನನ್ನ ಮಾನ ಹೋಗುತ್ತೆ.”

“ಬಸ್ಸಿನಲ್ಲಿ ಕರೆದುಕೊಂಡು ಬನ್ನಿ.”

“ಕಾರು ಇಟ್ಟುಕೊಂಡು ಹೆಂಡತಿಯನ್ನು ಬಸ್ಸಿನಲ್ಲಿ ತಂದರೆ ಉಳಿದ ಮಾನವೂ ಹೋಗುತ್ತೆ!”

೩. ಬೆಳಗಿನ ಕಾರು, ಮಧ್ಯಾಹ್ನದ ಕಾರು

ಶಾಕ್ ಅಬ್ಸಾರ್ಬರ್ ಸವೆದಿದೆಯೋ ಇಲ್ಲವೋ ನೋಡುವುದು ಸುಲಭ. ಚಕ್ರದ ಮೇಲಿನ ಮಡ್‌ಗಾರ್ಡನ್ನು ಎರಡೂ ಕೈಯಿಂದ ಒತ್ತಿ ಬಿಡಬೇಕು. ಕಾರು ಒಮ್ಮೆ ಎದ್ದು ಸುಮ್ಮನಾದರೆ ಶಾಕ್ ಒಳ್ಳೆಯದು. ತೂಗುತ್ತಲೇ ಇದ್ದರೆ ಹಾಳು. ಇದರಲ್ಲಿ ತಪ್ಪಾಗುವ ಹಾಗೇ ಇಲ್ಲ ಎಂದು ನಾನು ನಂಬಿದ್ದೆ.

ಕಾರು ಹಿಂದಿನ ಸಂಜೆಯಿಂದ ನಮ್ಮ ಅಂಗಳದಲ್ಲೇ ನಿಂತಿತ್ತು. ಬೆಳಿಗ್ಗೆ ಮಂಜು ಇನ್ನೂ ಇಳಿದಿರಲಿಲ್ಲ, ಸಾಬ್ರು ಬಂದು ಒತ್ತಿದರು. ಕಾರು ಅಲುಗಲಿಲ್ಲ. ನಾನು ಹತ್ತಿ ಕುಣಿದೆ. ಅಲುಗಲಿಲ್ಲ.

“ಬಂಡೆ ಕಣಪ್ಪಾ! ಇದಕ್ಕೆ ಏನಾಗಿದೆ? ಸಾವ್ಕಾರ್ರಿಗೆ ಭ್ರಮೆ” ಎಂದರು ಸಾಬ್ರು.

ವರ್ಕ್‌ಶಾಪಿನ ಎದುರು ಮನೆಯಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದರು. ಪಟ್ಟಾಳದಲ್ಲಿ ಲಾರಿಗಳನ್ನು ನೋಡಿಕೊಂಡವರು. ಊಟ ಮುಗಿಸಿ ಬಿಸಿಲು ಕಾಯಿಸಲು ನಮ್ಮ ಅಂಗಳಕ್ಕೇ ಬರುತ್ತಿದ್ದರು. ಆ ದಿನವೂ ಬಂದು ಸುಮ್ಮನೆ ಕಾರಿನ ಮೇಲೆ ಕೈಯೂರಿದರು. ಕಾರು ತೊಟ್ಟಿಲಿನ ಹಾಗೆ ತೂಗಿತು.

“ಇದರ ಶಾಕ್ ಸತ್ತು ಹೋಗಿದೆ!” ಎಂದು ಕೂಗಿದರು.

ಸಾಬ್ರು ಓಡಿ ಬಂದು ಒತ್ತಿದರು. ತೂಗಿತು. “ಬೆಳಿಗ್ಗೆ ಸರಿ ಇತ್ತು.”

“ಬೆಳಿಗ್ಗೆ ಎಲ್ಲರೂ ಸರಿ ಇರ್ತಾರೆ ಸಾಬ್ರೆ.”

ಸಾಬ್ರಿಗೆ ಸಿಟ್ಟು ಬಂತು. ಮಾರನೆಯ ಬೆಳಿಗ್ಗೆ ಸುಬೇದಾರರನ್ನು ಹಾಸಿಗೆಯಿಂದಲೇ ಎಬ್ಬಿಸಿ ಕರೆತಂದರು. ಒತ್ತಿಸಿದರು. ಬಂಡೆ! ಸುಬೇದಾರರು ಶಾಲು ಸರಿಮಾಡಿಕೊಂಡು, “ನಾನು ಮಲಗಿದ ಮೇಲೆ ನೀವು ರಿಪೇರಿ ಮಾಡಿದ್ದೀರಿ” ಎಂದರು. ಮಧ್ಯಾಹ್ನ ಮತ್ತೆ ಒತ್ತಿದರೆ ತೊಟ್ಟಿಲು. ಈಗ ಸಾಬ್ರ ಸರದಿ. “ನಾನು ಊಟಕ್ಕೆ ಹೋದಾಗ ನೀವು ಹಾಳು ಮಾಡಿದ್ದೀರಿ.”

ನಡುವೆ ನಿಂತಿದ್ದ ಸಾವ್ಕಾರ್ರು ಕೈಮುಗಿದರು. “ರಿಪೇರಿ ಮಾಡುವವರು ಊಟಕ್ಕೆ ಹೋಗಬೇಡಿ, ಹಾಳು ಮಾಡುವವರು ಮನೆಯಿಂದ ಏಳಬೇಡಿ. ಹುತ್ತರಿ ಮುಗಿಯುವವರೆಗೆ ಇಷ್ಟು ಉಪಕಾರ ಮಾಡಿ ಮಾರಾಯ್ರೆ.”

೪. ಡಬ್ಬಿಯೊಳಗೆ

ಮೂರನೆಯ ಬೆಳಿಗ್ಗೆ ನಾನು ಕಾರಿನ ಅಡಿಗೆ ಹೋಗಿ ಹಿಂದಿನ ಶಾಕಿನ ಡಬ್ಬಿಯ ಬಿರಡೆ ಬಿಚ್ಚಿದೆ. ಬಿಚ್ಚಿದರೆ ಎಣ್ಣೆ ಸುರಿಯಬೇಕು. ಏನೂ ಬರಲಿಲ್ಲ. ಬೆರಳು ಹಾಕಿದೆ. ಬೆಳ್ಳಗೆ, ಬೆಣ್ಣೆಯ ಹಾಗೆ ಏನೋ ಅಂಟಿಕೊಂಡು ಬಂತು. ಮೂಸಿದೆ. ಮೂಸಿದ ಮೇಲೆ ಯಾಕೋ ನನಗೆ ನನ್ನ ಅಜ್ಜಿಯ ನೆನಪಾಯಿತು.

“ಸಾಬ್ರೆ, ತೆಂಗಿನೆಣ್ಣೆ!”

ಎಲ್ಲರೂ ಸಾವ್ಕಾರ್ರ ಕಡೆ ತಿರುಗಿದರು. ಅವರಿಗೆ ನಾಚಿಕೆಯೇನೂ ಇರಲಿಲ್ಲ. “ಡಬ್ಬಿಯಿಂದ ಎಣ್ಣೆ ಸೋರುತ್ತಿತ್ತು, ನಾನೇ ತುಂಬಿಸಿದೆ. ಅಂಗಡಿಯದ್ದಲ್ಲ ಮತ್ತೆ, ಕರಿಕೆಯಿಂದ ಭಾವ ಕಳಿಸಿದ್ದು. ಶುದ್ಧ ಗಾಣದ್ದು!”

ಕರಿಕೆ ಘಟ್ಟದ ಕೆಳಗೆ, ಸೆಕೆಯ ಊರು. ಅಲ್ಲಿ ತೆಂಗಿನೆಣ್ಣೆ ವರ್ಷವಿಡೀ ನೀರಿನ ಹಾಗೆ ಇರುತ್ತದೆ. ನಮ್ಮ ಮೇಲಿನ ಚಳಿಗೆ ರಾತ್ರಿ ಹೆಪ್ಪುಗಟ್ಟಿ, ಬಿಸಿಲೇರಿದ ಮೇಲೆ ಕರಗುತ್ತದೆ. ಹೆಪ್ಪುಗಟ್ಟಿದಾಗ ತೋಳು ಸಿಕ್ಕಿಕೊಂಡು ಕಾರು ಬಂಡೆ. ಕರಗಿದಾಗ ಸವೆದ ಶಾಕ್ ತನ್ನ ನಿಜರೂಪಕ್ಕೆ ಬಂದು ತೊಟ್ಟಿಲು. ಸಾಬ್ರೂ ಸುಳ್ಳು ಹೇಳಿರಲಿಲ್ಲ, ಸುಬೇದಾರರೂ ಹೇಳಿರಲಿಲ್ಲ. ಇಬ್ಬರೂ ಆ ಸಂತೋಷಕ್ಕೆ ಒಂದೇ ಬೆಂಚಿನ ಮೇಲೆ ಕೂತು ಕಾಫಿ ಕುಡಿದರು.

ಆದರೆ ಸೀಲು ಮೈಸೂರಿನಿಂದ ಬರಬೇಕು, ಹುತ್ತರಿಗೆ ಮೊದಲು ಬರುವುದಿಲ್ಲ. “ಸರಿಯಾದ ಎಣ್ಣೆ ಹಾಕಿದರೆ?” ಎಂದು ಸಾವ್ಕಾರ್ರು ಕೇಳಿದರು. “ಅದು ಹೆಪ್ಪುಗಟ್ಟುವುದಿಲ್ಲ, ಸಂಜೆಗೆ ಅಷ್ಟೂ ನೆಲದ ಮೇಲಿರುತ್ತೆ” ಎಂದರು ಸಾಬ್ರು.

ಸಾವ್ಕಾರ್ರ ಮುಖ ನಿಧಾನವಾಗಿ ಅರಳಿತು.

“ಅಂದರೆ, ತೆಂಗಿನೆಣ್ಣೆ ಇದ್ದರೆ ಬೆಳಿಗ್ಗೆ ಮಾತ್ರ ಕಾರು ಸರಿ ಇರುತ್ತೆ ಅಂತಾಯ್ತಲ್ಲ?”

“ಹೌದು.”

“ಮುಚ್ಚಿಬಿಡಿ ಬಿರಡೆ. ಹೆಂಡತಿಯನ್ನು ಕರೆತರಲಿಕ್ಕೆ ಒಂದು ಬೆಳಿಗ್ಗೆ ಧಾರಾಳ ಸಾಕು.”

೫. ಪರೀಕ್ಷೆ

ನನ್ನನ್ನೂ ಜೊತೆಗೆ ಹೊರಡಿಸಿದರು. ರಿಪೇರಿಯ ಮೇಸ್ತ್ರಿಯೇ ಪಕ್ಕದಲ್ಲಿದ್ದರೆ ಹೆಂಡತಿಗೆ ನಂಬಿಕೆ ಬರುತ್ತದೆ ಎಂದು. ಹಾಗಾಗಿ ಆ ದಿನ ಕೋವಿ ಮನೆಯಲ್ಲಿ ಉಳಿಯಿತು. ಹುತ್ತರಿಯ ಹಿಂದಿನ ದಿನ, ನಸುಕು. ಮಂಜಿನಲ್ಲಿ ದಾರಿ ಕಾಣುತ್ತಿರಲಿಲ್ಲ. ಬೇಗ ಹೋದರೆ ತೋಳು ಆಡಿ ಎಣ್ಣೆ ಬಿಸಿಯಾದೀತೆಂದು ಎತ್ತಿನಗಾಡಿಯ ಹಿಂದೆಯೇ ನಿಧಾನವಾಗಿ ಹೋದೆವು.

ಲೆಕ್ಕವೆಲ್ಲ ಸರಿಯಾಗಿತ್ತು. ಅತ್ತೆಯೊಬ್ಬರು ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಅಳಿಯ ಬಂದಿದ್ದಾರೆ, ತಿಂಡಿ ತಿನ್ನದೆ ಕಳಿಸುವುದುಂಟಾ? ಕಡುಬು ಇನ್ನೂ ಹಬೆಯಲ್ಲಿತ್ತು. ಕೋಳಿ ಇನ್ನೂ ಅಂಗಳದಲ್ಲಿತ್ತು.

“ಅತ್ತೇ, ಹೊಟ್ಟೆ ತುಂಬಿದೆ” ಎಂದರು ಸಾವ್ಕಾರ್ರು, ಕಣ್ಣು ಕಿಟಕಿಯ ಬಿಸಿಲಿನ ಮೇಲೆ.

“ನಿಮ್ಮ ಹೊಟ್ಟೆ ಇಷ್ಟು ಬೇಗ ತುಂಬುವುದಾದರೆ ನಾನು ನೋಡಿದ್ದು ಬೇರೆ ಅಳಿಯನನ್ನಾ?” ಎಂದು ಅತ್ತೆ ಇನ್ನೆರಡು ಕಡುಬು ಹಾಕಿದರು.

ಸಾವ್ಕಾರ್ರು ನನಗೆ ಕಣ್ಸನ್ನೆ ಮಾಡಿದರು. ನಾನು ಎದ್ದು ಬಾವಿಯಿಂದ ತಣ್ಣೀರು ಸೇದಿ ಹಿಂದಿನ ಶಾಕುಗಳ ಮೇಲೆ ಹುಯ್ಯತೊಡಗಿದೆ. ಅಮ್ಮನ ಅಣ್ಣ ಜಗಲಿಯಲ್ಲಿ ನಿಂತು ನೋಡಿದರು. “ಕಾರಿಗೆ ಎಂತ ಮೇಸ್ತ್ರಿ, ಜ್ವರವಾ?”

“ಹಬ್ಬಕ್ಕೆ ಸ್ನಾನ” ಎಂದೆ. ಬೇರೇನೂ ತೋಚಲಿಲ್ಲ.

ಕೊನೆಗೆ ಅಮ್ಮ ಗಂಟು ಹಿಡಿದು ಹೊರಬಂದರು. ಕಾರಿನ ಸುತ್ತ ಒಂದು ಸುತ್ತು ಬಂದು, ಹಿಂದಿನ ಮಡ್‌ಗಾರ್ಡನ್ನು ಎರಡೂ ಕೈಯಿಂದ ಒತ್ತಿದರು. ಸಾವ್ಕಾರ್ರು ಉಸಿರು ಹಿಡಿದರು. ಬಂಡೆ. ಅಮ್ಮ ತಲೆಯಾಡಿಸಿದರು. “ಸರಿ, ಬರ್ತೇನೆ. ಆದರೆ ಓಡಿಸುವುದು ನಾನು.”

ತವರಿನಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. ಅಣ್ಣನ ಜೀಪಿನಲ್ಲಿ ಓಡಿಸಲು ಕಲಿತಿದ್ದರು. ಹೆಂಡತಿ ಬರುತ್ತೇನೆ ಎಂದದ್ದೇ ದೊಡ್ಡದಾಗಿ, ಸಾವ್ಕಾರ್ರು ಕೀಲಿಕೈ ಕೊಟ್ಟರು. “ಮೇಸ್ತ್ರಿ ಮುಂದೆ ಬರಲಿ, ಗೇರ್ ತಪ್ಪಿದರೆ ಹೇಳಲಿ. ನೀವು ಹಿಂದೆ ಕೂತುಕೊಳ್ಳಿ” ಎಂದರು ಅಮ್ಮ.

ಊರು ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಬಿಸಿಲು ರಸ್ತೆಗೆ ಇಳಿಯಿತು, ಎಣ್ಣೆ ಕರಗಿತು. ಮೊದಲ ಗುಂಡಿಗೆ ಹಿಂದಿನಿಂದ ‘ಢಬ್’ ಎಂದು ಕೇಳಿಸಿತು. ಸಾವ್ಕಾರ್ರ ತಲೆ ಕಾರಿನ ನೆತ್ತಿಗೆ ಬಡಿದಿತ್ತು.

“ಕುಣಿಯುತ್ತಾ ಇದೆಯಾ?” ಅಮ್ಮ ತಿರುಗದೆ ಕೇಳಿದರು.

“ಇಲ್ಲ! ಎಲ್ಲಿ ಕುಣಿಯುತ್ತೆ? ಎಣ್ಣೆ ಹಾಕಿದ ಹಾಗೆ ಹೋಗುತ್ತಾ ಇದೆ.”

ಇನ್ನೊಂದು ಗುಂಡಿ. ಢಬ್. “ಈಗ?”

“ಏನಿಲ್ಲ, ಏನಿಲ್ಲ. ನಾನೇ ಸ್ವಲ್ಪ ಎದ್ದು ಕೂತೆ.”

ಅಲ್ಲಿಂದ ಮುಂದೆ ಅಮ್ಮ ಒಂದು ಗುಂಡಿಯನ್ನೂ ಬಿಡಲಿಲ್ಲ. ರಸ್ತೆಯ ಆಚೆ ಬದಿಯಲ್ಲಿದ್ದದ್ದನ್ನೂ ಹುಡುಕಿಕೊಂಡು ಹೋಗಿ ಇಳಿಸಿದರು. ನಾನು ನಗು ತಡೆಯಲಾರದೆ ಕೆನ್ನೆ ಕಚ್ಚಿಕೊಂಡಿದ್ದೆ. ಹಿಂದಿನಿಂದ ಪ್ರತಿ ಸಲವೂ “ಏನಿಲ್ಲ” ಬರುತ್ತಿತ್ತು, ಸ್ವರ ಮಾತ್ರ ಸಣ್ಣದಾಗುತ್ತಾ ಹೋಯಿತು. ಮನೆಯ ಅಂಗಳದಲ್ಲಿ ಕಾರು ನಿಂತಿತು. ನಿಂತ ಮೇಲೂ ಸ್ವಲ್ಪ ಹೊತ್ತು ತೂಗಿತು. ಸಾವ್ಕಾರ್ರು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಇಳಿದರು.

ಅಮ್ಮ ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡರು. “ಹಿಂದಿನ ಸೀಟು ಅಷ್ಟು ಸುಖವಾಗಿದ್ದರೆ ಒಳ್ಳೆಯದೇ ಆಯಿತು. ಇನ್ನು ಮೇಲೆ ಅದು ನಿಮ್ಮದೇ” ಎಂದು ಹುತ್ತರಿಯ ದೀಪ ತೊಳೆಯಲು ಒಳಗೆ ಹೋದರು.

ಇದರಲ್ಲಿ ನಗಲು ಏನಿದೆ ಎಂದು ಕೆಲವರು ಕೇಳಬಹುದು, ಆದ್ದರಿಂದ ವಿವರಿಸಿಬಿಡುತ್ತೇನೆ. ಓಡಿಸುವವರ ಸೀಟು ಎರಡು ಅಚ್ಚುಗಳ ನಡುವೆ ಇರುತ್ತದೆ. ಹಿಂದಿನ ಸೀಟು ಇರುವುದು ಹೆಚ್ಚುಕಡಿಮೆ ಅಚ್ಚಿನ ಮೇಲೆಯೇ. ಉದ್ದದ ಹಲಗೆಯೊಂದು ಏರಿಳಿಯುವಾಗ ನಡುವೆ ಕೂತವನಿಗೆ ಅಷ್ಟು ಗೊತ್ತಾಗುವುದಿಲ್ಲ, ತುದಿಯಲ್ಲಿ ಕೂತವನು ಹಾರುತ್ತಾನೆ. ಈಗ ಆ ತುದಿಯಲ್ಲಿ ಸಾವ್ಕಾರ್ರಷ್ಟು ತೂಕದವರನ್ನು, ಅದೂ ಹೊಟ್ಟೆ ತುಂಬ ಕಡುಬು ತಿಂದವರನ್ನು, ಕೂರಿಸಿದ್ದೇವೆ ಎಂದುಕೊಳ್ಳಿ. ಆಗ ಸ್ಪ್ರಿಂಗ್ ಮೊದಲು ಕೆಳಗೆ…

ನನ್ನ ಮನೆಯವಳು ಕರೆಯುತ್ತಿದ್ದಾಳೆ. ಪಕ್ಕದ ಮನೆಯವರ ಜೀಪು ಏರಿನಲ್ಲಿ ನಿಂತುಬಿಟ್ಟಿದೆಯಂತೆ, ತಳ್ಳಲು ಜನ ಸಾಲದಂತೆ. ಬಂದೆ ಮಾರಾಯ್ತಿ, ಬಂದೆ, ಈ ಸ್ಪ್ರಿಂಗ್ ಒಂದನ್ನು ಮೇಲಕ್ಕೆ ತಂದು…