ಕೋರೆಯಲ್ಲಿ ಒಂದು ಕನ್ನಡಕ ಸನ್ಮಾನ

ಕೆಲವರಿಗೆ ಗಟ್ಟಿ ದನಿ ಇರುತ್ತದೆ. ಇಲ್ಲದವರು ನಿಯಮಗಳನ್ನು ಬರೆಯುತ್ತಾರೆ. ನಾನು ಇಲ್ಲದವರ ಕಡೆ. ಪುತ್ತೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಕೊನೆಯ ಬೆಂಚಿನವರೆಗೆ ದನಿ ಮುಟ್ಟಿಸುವುದೇ ಒಂದು ಪ್ರಯೋಗ. ಬಸ್ಸಿನಲ್ಲಿ "ಇಳಿಯುದುಂಟು" ಎಂದು ಕೂಗಲು ಸಂಕೋಚವಾಗಿ, ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬಂದವಳು. ಇಂಥವಳನ್ನು ಬಂದೂಕು ಹಿಡಿದ ಗಂಡಸರನ್ನು ಹದ್ದುಬಸ್ತಿನಲ್ಲಿಡುವ ಕೆಲಸಕ್ಕೆ ನೇಮಿಸಿದ್ದು ನನ್ನ ಅಣ್ಣ ಪ್ರದೀಪ.

ಗಾಬರಿ ಬೇಡ, ಇದು ಏರ್‌ಸಾಫ್ಟ್ ಎಂಬ ಆಟದ ಬಂದೂಕು. ನೋಡಲು ನಿಜದ್ದೇ, ಹಾರುವುದು ಮಾತ್ರ ಬಟಾಣಿಯಷ್ಟು ದೊಡ್ಡ ಪ್ಲಾಸ್ಟಿಕ್ ಗುಂಡು. ಎರಡು ತಂಡಗಳು ಅಡಗಿಕೊಂಡು ಹೊಡೆದಾಡುತ್ತವೆ. ಗುಂಡು ತಗುಲಿದವನು ತಾನೇ ಕೈಯೆತ್ತಿ "ಔಟ್" ಎಂದು ಹೊರಗೆ ಬರಬೇಕು. ಗಲ್ಫಿನಲ್ಲಿ ಈ ಆಟದ ರುಚಿ ಹತ್ತಿಸಿಕೊಂಡು ಬಂದ ನೌಫಲ್, ತನ್ನ ಶಾಲೆಯ ದಿನಗಳ ಗೆಳೆಯನಾದ ಅಣ್ಣನನ್ನು ಸೇರಿಸಿಕೊಂಡು, ಪೆರಾಬೆಯ ಒಂದು ಹಳೆಯ ಕೆಂಪುಕಲ್ಲಿನ ಕೋರೆಯಲ್ಲಿ ಇದನ್ನು ಶುರುಮಾಡಿದ. ಕಲ್ಲು ಕೊರೆದು ಬಿಟ್ಟ ಜಾಗ. ನೇರವಾದ ಕೆಂಪು ಗೋಡೆಗಳು, ಎಲ್ಲಿಗೂ ಹೋಗದ ಮೆಟ್ಟಿಲುಗಳು, ಅವಿತುಕೊಳ್ಳಲು ಬೇಕಾದಷ್ಟು ಮೂಲೆಗಳು. ಯುದ್ಧಕ್ಕೆಂದೇ ಕಟ್ಟಿಸಿದಂತಿತ್ತು.

"ನೀನು ಫಿಸಿಕ್ಸ್ ಅಲ್ವಾ, ಕಣ್ಣಿನ ಜವಾಬ್ದಾರಿ ನಿಂದು" ಎಂದ ಅಣ್ಣ. ನಾನು ಎರಡೇ ನಿಯಮ ಬರೆದೆ. ಆಟದ ಜಾಗದ ಸುತ್ತ ಕಟ್ಟಿದ ಹಗ್ಗದ ಒಳಗೆ ಇರುವಷ್ಟು ಹೊತ್ತು, ಆಟ ಮುಗಿದಿದ್ದರೂ, ಯಾರೂ ರಕ್ಷಣೆಯ ಕನ್ನಡಕ ತೆಗೆಯಬಾರದು. ಬಂದೂಕಿಗೆ ಲೇಸರ್ ಕಟ್ಟಬಾರದು. ತಪ್ಪಿದವರು ಕೋರೆಯ ತಳದಲ್ಲಿ ಚೆಲ್ಲಿದ ಗುಂಡುಗಳನ್ನೆಲ್ಲ ಹೆಕ್ಕಬೇಕು. ಶಿಕ್ಷೆಯ ಸಾಲು ಬರೆಯುವಾಗ ನನಗೆ ಸಣ್ಣ ಖುಷಿಯೂ ಆಗಿತ್ತು.

ಲೇಸರಿನ ಮಾತು ಬಂದಾಗ ನೌಫಲ್‌ನ ಮುಖ ಸಣ್ಣದಾಯಿತು. ಗುರಿಯ ಮೇಲೆ ಹಸಿರು ಚುಕ್ಕೆ ಬೀಳಿಸುವ ಒಂದು ಲೇಸರನ್ನು ಅವನು ಆಗಲೇ ತರಿಸಿಯಾಗಿತ್ತು. "ಟೀಚರೇ, ಕನ್ನಡಕ ಉಂಟಲ್ಲ, ಮತ್ತೆಂತ ಹೆದರಿಕೆ?" ಎಂದ. ಕನ್ನಡಕ ಗುಂಡನ್ನು ತಡೆಯುತ್ತದೆ, ಬೆಳಕನ್ನಲ್ಲ ಎಂದೆ. ಬೆಳಕನ್ನು ತಡೆದರೆ ನಿನಗೆ ದಾರಿಯೇ ಕಾಣುವುದಿಲ್ಲವಲ್ಲ. ಕಣ್ಣಿನ ಒಳಗಿನ ಮಸೂರ ಆ ಕಿರಣವನ್ನು ಒಂದೇ ಬಿಂದುವಿಗೆ ಕೂಡಿಸುತ್ತದೆ, ಒಳಪದರ ಸುಟ್ಟರೂ ನೋವಾಗುವುದಿಲ್ಲ, ಕೋರೆಯ ಹೊಂಡದಲ್ಲಿ ನಿಂತ ನೀರಿಗೆ ಬಿದ್ದರೂ ಪ್ರತಿಫಲಿಸಿ ಯಾರ ಕಣ್ಣಿಗಾದರೂ ಬರಬಹುದು. ನನ್ನ ಮಟ್ಟಿಗೆ ಇದು ಉಗ್ರ ಭಾಷಣ. ನೌಫಲ್ ಅಣ್ಣನ ಕಡೆ ತಿರುಗಿ, "ಇವಳು ಎಂತ ಹೇಳಿದ್ದು ಮಾರಾಯ, ಕೇಳ್ಲೇ ಇಲ್ಲ" ಎಂದ.

ಆದರೆ ಮೊದಲು ಮುರಿದುಬಿದ್ದದ್ದು ಕನ್ನಡಕದ ನಿಯಮ, ಅದೂ ಕೆಟ್ಟ ಬುದ್ಧಿಯಿಂದಲ್ಲ, ಒಳ್ಳೆಯ ನಡತೆಯಿಂದ. ಕೋರೆಯ ಜಾಗ ಬೆಳ್ಯಪ್ಪ ಮಾವನದು. ದೂರದ ನೆಂಟರು, ಎಪ್ಪತ್ತು ದಾಟಿದವರು, ತಮ್ಮ ಜಾಗದಲ್ಲಿ ಎಂತ ಆಗ್ತಾ ಉಂಟು ಎಂದು ನೋಡಲು ಆಟದ ಮಧ್ಯೆಯೇ ಹಗ್ಗ ದಾಟಿ ಬರುವವರು. ನಮ್ಮ ಕಡೆ ಪಂಚೆ ಮಡಚಿ ಕಟ್ಟಿದವನು ಹಿರಿಯರು ಎದುರಾದರೆ ಮರ್ಯಾದೆಗೆ ಅದನ್ನು ಕಾಲಿನವರೆಗೆ ಇಳಿಸುತ್ತಾನಲ್ಲ. ಪ್ಯಾಂಟು ಹಾಕಿದ ಈ ಯೋಧರಿಗೆ ಇಳಿಸಲು ಏನೂ ಇಲ್ಲದ್ದರಿಂದ, ಎಲ್ಲರೂ ಕನ್ನಡಕವನ್ನು ಹಣೆಗೆ ಏರಿಸುತ್ತಿದ್ದರು. ದಪ್ಪ ಗಾಜಿನ ಹಿಂದೆ ನಿಂತು ಹಿರಿಯರೊಡನೆ ಮಾತಾಡಿದರೆ ಅಹಂಕಾರವಲ್ಲವೇ! ಒಂದು ಭಾನುವಾರ ನೌಫಲ್ ಹಾಗೆಯೇ ಮಾವನಿಗೆ ಮರ್ಯಾದೆಯಿಂದ "ಹೇಗಿದ್ದೀರಿ ಗೌಡ್ರೇ?" ಎನ್ನುತ್ತಿದ್ದಾಗ, ಗೋಡೆಯ ಆಚೆಯಿಂದ ಬಂದ ಗುಂಡು ಅವನ ಕೆನ್ನೆಗೆ ಬಡಿಯಿತು. ಕಣ್ಣಿಗೂ ಆ ಕೆಂಪು ಬೊಕ್ಕೆಗೂ ನಡುವೆ ಒಂದು ಬೆರಳಿನ ಅಗಲ.

ನಾನು ಓಡಿಹೋಗಿ ಅವನ ಕಣ್ಣು ನೋಡಿದೆ. ನೌಫಲ್‌ಗೆ ಮಾತ್ರ ನಗು. "ಕನ್ನಡಕವನ್ನೇ ಮುಖದಲ್ಲಿ ನಿಲ್ಲಿಸ್ಲಿಕ್ಕೆ ಆಗುದಿಲ್ಲ ನಿಮಗೆ, ಲೇಸರ್ ನಿಲ್ಲಿಸ್ತೀರಾ? ಬರುವ ಭಾನುವಾರ ಉಪ್ಪಿನಂಗಡಿಯ ತಂಡ ಬರ್ತದೆ. ಶುರುವಿನ ಸಿಳ್ಳೆಯಿಂದ ಕೊನೆಯ ಸಿಳ್ಳೆಯವರೆಗೆ ಒಬ್ಬನೂ ಕನ್ನಡಕ ತೆಗೀದಿದ್ರೆ ಈ ಲೇಸರ್ ನಿಮ್ಮ ಲ್ಯಾಬಿಗೆ. ಒಬ್ಬ ತೆಗೆದ್ರೂ ನನ್ನ ಬಂದೂಕಿಗೆ." ನಾನು "ಆಯ್ತು" ಎಂದೆ. ಈ ಸಲ ಅದು ಎಲ್ಲರಿಗೂ ಕೇಳಿಸಿತು.

ವಾರವಿಡೀ ಯೋಚಿಸಿದೆ. ಮಾವನಿಗೆ "ಬರಬೇಡಿ" ಎನ್ನುವ ಧೈರ್ಯ ನನಗಿಲ್ಲ. ಇದ್ದರೂ ಅವರು ಕೇಳುವವರಲ್ಲ. ಅವರನ್ನು ಕಂಡರೆ ಕನ್ನಡಕ ತೆಗೆಯಬೇಡಿ ಎಂದು ಹುಡುಗರಿಗೆ ಹೇಳಿದರೆ, ನಾನು ಮರ್ಯಾದೆ ಬಿಡಲು ಕಲಿಸಿದ ಹಾಗೆ. ಕೊನೆಗೆ ಕಾಲೇಜಿನ ಒಂದು ಸಮಾರಂಭದಲ್ಲಿ, ಯಾರಿಗೋ ಶಾಲು ಹೊದಿಸುವುದನ್ನು ನೋಡುತ್ತಾ ಕುಳಿತಿದ್ದಾಗ ಹೊಳೆಯಿತು. ಸೆಕೆಯಲ್ಲಿ ಬೆವರು ಇಳಿಯುತ್ತಿದ್ದರೂ ಆ ಹಿರಿಯರು ಕಾರ್ಯಕ್ರಮ ಮುಗಿಯುವವರೆಗೆ ಶಾಲು ತೆಗೆಯಲಿಲ್ಲ. ನಮ್ಮ ಊರಿನಲ್ಲಿ ಸನ್ಮಾನದಲ್ಲಿ ಹಾಕಿದ್ದನ್ನು ಯಾರೂ ಅಷ್ಟು ಬೇಗ ತೆಗೆಯುವುದಿಲ್ಲ.

ಭಾನುವಾರ ಎರಡೂ ತಂಡಗಳು ಹಗ್ಗದ ಹೊರಗೆ ಸಾಲಾಗಿ ನಿಂತವು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆಳ್ಯಪ್ಪ ಮಾವ. ಅಣ್ಣ ಎರಡು ಒಳ್ಳೆಯ ಮಾತಾಡಿದ. ನಾನು ಹರಿವಾಣದಲ್ಲಿ ಹಣ್ಣು, ಅಡಿಕೆಯ ಹಿಂಗಾರ, ಅವುಗಳ ಮಧ್ಯೆ ಹೊಚ್ಚಹೊಸ ರಕ್ಷಣೆಯ ಕನ್ನಡಕ ಇಟ್ಟುಕೊಂಡು ಹೋದೆ. ಶಾಲಿನ ಬದಲು ಅದನ್ನೇ ಅವರ ಕಿವಿಗಳ ಮೇಲಿಂದ ತೊಡಿಸಿ, ಪಟ್ಟಿ ಬಿಗಿದೆ. ಚಪ್ಪಾಳೆ ಬಿತ್ತು. ಮಾವ ಗಂಭೀರವಾಗಿ ಎಡಕ್ಕೂ ಬಲಕ್ಕೂ ನೋಡಿದರು. "ಇದು ಎಷ್ಟು ಹೊತ್ತು ಹಾಕ್ಬೇಕು ಮಗಾ?"

"ಹಗ್ಗದ ಒಳಗೆ ಇರುವಷ್ಟು ಹೊತ್ತು, ಮಾವ. ನೀವು ಹಾಕಿದ್ದರೆ ಉಳಿದವರೂ ಹಾಕ್ತಾರೆ."

"ಮತ್ತೆ! ನಾನೇ ಹಾಕಿರುವಾಗ ನನ್ನೆದುರು ಇವರು ತೆಗೀಲಿಕ್ಕುಂಟಾ?"

ಆ ಒಂದು ವಾಕ್ಯ ನನ್ನ ಎರಡು ನಿಯಮಗಳಿಗಿಂತ ಚೆನ್ನಾಗಿ ರಚಿತವಾಗಿತ್ತು.

ಅಣ್ಣ ಸಿಳ್ಳೆ ಹಾಕಿದ. ಮಾವ ಎಂದಿನಂತೆ ಹಗ್ಗ ದಾಟಿ ಕಲ್ಲಿನ ಒಂದು ಮೆಟ್ಟಿಲಿನ ಮೇಲೆ ಕೂತರು. ಹಾದುಹೋದವರೆಲ್ಲ ಅಭ್ಯಾಸದಿಂದ ಹಣೆಗೆ ಕೈ ಒಯ್ದರು. ಎದುರಿಗೆ ದೊಡ್ಡ ಕಪ್ಪೆಯಂತೆ ಕನ್ನಡಕ ಧರಿಸಿದ ಮಾವನನ್ನು ಕಂಡು ಕೈ ಇಳಿಸಿದರು. ಉಪ್ಪಿನಂಗಡಿಯ ನಾಯಕನ ಗಾಜಿನ ಮೇಲೆ ಬೆವರಿನ ಹಬೆ ಕಟ್ಟಿತ್ತು. ಒರೆಸಿಕೊಳ್ಳಲೆಂದು ಪಟ್ಟಿಗೆ ಬೆರಳು ಹಾಕಿದ್ದ, ಅಷ್ಟೆ. "ಏ ಮಾರಾಯ, ಕೈ ಕೆಳಗೆ! ಕಾಣದಿದ್ರೆ ಹೊರಗೆ ಹೋಗಿ ಒರೆಸು!" ಕೋರೆಯ ನಾಲ್ಕೂ ಗೋಡೆ ಪ್ರತಿಧ್ವನಿಸಿತು. ನನಗೆ ಹುಟ್ಟಿನಿಂದ ಸಿಗದ ದನಿ ಅಂದು ಮಾವನ ಗಂಟಲಲ್ಲಿ ಸಿಕ್ಕಿತು. ನಾಯಕ ಹಬೆಯ ಹಿಂದೆಯೇ ತಡವರಿಸುತ್ತಾ ಹಗ್ಗ ದಾಟಿ, ಹೊರಗೆ ಒರೆಸಿಕೊಂಡು ಬಂದ.

ಕೊನೆಯ ಸಿಳ್ಳೆ ಬಿತ್ತು. ಯಾವ ತಂಡ ಗೆದ್ದಿತೋ ನನಗೆ ಈಗಲೂ ನೆನಪಿಲ್ಲ. ಒಂದೇ ಒಂದು ಕನ್ನಡಕ ಮೇಲೇರಿರಲಿಲ್ಲ. ನಾನೂ ನನ್ನ ಕನ್ನಡಕ ತೊಟ್ಟು ಹಗ್ಗ ದಾಟಿ ಒಳಗೆ ಹೋದೆ. ನೌಫಲ್ ಲೇಸರನ್ನು ಜೇಬಿನಿಂದ ತೆಗೆದು, ಹಗ್ಗದ ಒಳಗೇ ನಿಂತು, ಎರಡೂ ಕೈಯಲ್ಲಿ ಒಪ್ಪಿಸಿದ. "ಸೋತೆ ಟೀಚರೇ. ಇನ್ನು ಈ ಕೋರೆಯಲ್ಲಿ ನಿಮ್ಮ ನಿಯಮವೇ ನಿಯಮ, ಎಲ್ಲರಿಗೂ." ನಾನು ಅದನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಅಷ್ಟರಲ್ಲಿ ಮಾವ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. "ಮಾತಾಡುದು ಕಮ್ಮಿ. ಆದ್ರೆ ಕೆಲಸ ಗಟ್ಟಿ ನಮ್ಮ ಹುಡುಗಿದು."

ಇಷ್ಟು ಜನರೆದುರು ಇಂಥ ಮಾತು ನನ್ನ ಬಗ್ಗೆ ಯಾರೂ ಆಡಿರಲಿಲ್ಲ. ಕಣ್ಣು ಮಂಜಾಯಿತು. ಹಿರಿಯರು ಹರಸುವಾಗ ಮುಖ ಮುಚ್ಚಿಕೊಂಡು ನಿಲ್ಲುವುದು ಹೇಗೆ? ಕನ್ನಡಕವನ್ನು ಮೆಲ್ಲಗೆ ಹಣೆಗೆ ಏರಿಸಿ ಕೈ ಜೋಡಿಸಿದೆ.

"ಔಟ್!" ಎಂದು ನೌಫಲ್ ಕುಣಿದ. "ಹಗ್ಗದ ಒಳಗೆ! ಆಟ ಮುಗಿದಿದ್ದರೂ!"

ಎರಡು ತಂಡಗಳು ಹಗ್ಗದಾಚೆ ಎಳನೀರು ಕುಡಿಯುತ್ತಿದ್ದಾಗ, ನಾನು ಕನ್ನಡಕ ಬಿಗಿದುಕೊಂಡು ಕೋರೆಯ ತಳದಲ್ಲಿ ಬಗ್ಗಿ ಬಗ್ಗಿ ಬಿಳಿ ಗುಂಡುಗಳನ್ನು ಬುಟ್ಟಿಗೆ ಹೆಕ್ಕಿದೆ. ಮೆಟ್ಟಿಲ ಮೇಲೆ ಕೂತ ಮಾವ "ಅಲ್ಲೊಂದು ಉಂಟು, ಆ ಮೂಲೆಯಲ್ಲಿ ಇನ್ನೊಂದು" ಎಂದು ತೋರಿಸುತ್ತಿದ್ದರು. ಸೊಂಟ ನೋಯುತ್ತಿತ್ತು, ಆದರೂ ನಗು ತಡೆಯಲಾಗಲಿಲ್ಲ. ಬರೆದವಳನ್ನೂ ಬಿಡದಷ್ಟು ಗಟ್ಟಿಯಾದ ನಿಯಮವನ್ನು ಇಷ್ಟು ಸಣ್ಣ ದನಿಯವಳು ಬರೆದಿದ್ದಳಲ್ಲ!